ಕೋರ್ಟ್ ಏಳುವ ತನಕ ಪುಟ್ಟಮಲ್ಲಮ್ಮ

ಪುಟ್ಟಮಲ್ಲಮ್ಮನ ಗಂಟಲಿನ ವಿಷಯದಲ್ಲಿ ಹುಣಸೆಕೊಪ್ಪಲಿನವರಿಗೆ ಯಾವ ಅನುಮಾನವೂ ಇರಲಿಲ್ಲ. ಕೆರೆ ಏರಿಯ ಮೇಲೆ ನಿಂತು ಅವಳು ‘ಬಸವಮ್ಮೋ’ ಎಂದು ಕರೆದರೆ, ಬೇಕಾದ ಬಸವಮ್ಮ ಒಬ್ಬಳೇ ಅಲ್ಲ, ಊರಿನಲ್ಲಿರುವ ಅಷ್ಟೂ ಬಸವಮ್ಮಂದಿರು ಕೈಯಲ್ಲಿದ್ದ ಕೆಲಸ ಬಿಟ್ಟು ಜಗಲಿಗೆ ಬರುತ್ತಿದ್ದರು. ಕೊಪ್ಪದ ಸಂತೆಯಲ್ಲಿ ಹೀರೆಕಾಯಿ, ಸೀಮೆಬದನೆ ಗುಡ್ಡೆ ಹಾಕಿಕೊಂಡು ಅವಳು ಕೂತರೆ ಅಕ್ಕಪಕ್ಕದವರು ಕೂಗುವ ಗೋಜಿಗೇ ಹೋಗುತ್ತಿರಲಿಲ್ಲ. ಅವಳ ಕೂಗಿಗೆ ಬಂದ ಗಿರಾಕಿಗಳಲ್ಲೇ ತಮಗೂ ನಾಲ್ಕು ಜನ ಸಿಗುತ್ತಾರೆಂಬ ಧೈರ್ಯ. ಬೈಲಕುಪ್ಪೆಯ ಟಿಬೆಟಿಯನ್ ಹೆಂಗಸರು ನಗುತ್ತ, ಎರಡೂ ಕಿವಿ ಮುಚ್ಚಿಕೊಂಡೇ ಹತ್ತಿರ ಬರುತ್ತಿದ್ದರು. ಅವಳೂ ನಗುತ್ತಿದ್ದಳು. ಜಗಳಕ್ಕೂ ಅದೇ ಗಂಟಲು, ಜೋಗುಳಕ್ಕೂ ಅದೇ ಗಂಟಲು.

ಇಂಥ ಹೆಂಗಸು ಪಿರಿಯಾಪಟ್ಟಣದ ಕೋರ್ಟಿನಲ್ಲಿ, ತಾನೇ ಹಾಕಿದ ಕೇಸಿನಲ್ಲಿ, ತಾನು ಗೆದ್ದ ದಿನವೇ ಕಸ್ಟಡಿಯಲ್ಲಿ ಕೂರಬೇಕಾಗಿ ಬಂತು.

ಕೇಸು ಹಾಕಿದ್ದು ಸ್ವಂತ ಮೈದುನ ಪ್ರಭುಸ್ವಾಮಿಯ ಮೇಲೆ. ಅವಳು ಮದುವೆಯಾಗಿ ಈ ಮನೆಗೆ ಬಂದಾಗ ಅವನು ಚಡ್ಡಿ ಹಾಕಿಸಿಕೊಳ್ಳಲು ತಕರಾರು ಮಾಡುವ ವಯಸ್ಸಿನವನು. ಅತ್ತೆ ಆಗಲೇ ತೀರಿಕೊಂಡಿದ್ದಳು. ಗಂಡ ಕಂಠಪ್ಪ ಮಾತೇ ಆಡದ ಮನುಷ್ಯ, ಹೊಲ ಬಿಟ್ಟರೆ ಮನೆ. ಹುಡುಗನಿಗೆ ಎಣ್ಣೆ ಹಚ್ಚಿ ನೀರು ಹಾಕುವುದು, ಹೇನು ತೆಗೆಯುವುದು, ಶಾಲೆಗೆ ಅಟ್ಟುವುದು, ಜ್ವರ ಬಂದರೆ ಹೆಗಲ ಮೇಲೆ ಹಾಕಿಕೊಂಡು ಆಸ್ಪತ್ರೆಗೆ ಓಡುವುದು, ಎಲ್ಲ ಅತ್ತಿಗೆಯ ಪಾಲಿಗೆ ಬಂತು. ಅವನಿಗೆ ಶಾಂಭವಿಯನ್ನು ನೋಡಿ ತಂದವಳೂ ಅವಳೇ. ಕಂಠಪ್ಪ ಹೋದ ಮೇಲೆ ಜಮೀನು ಭಾಗವಾಯಿತು, ಅದೂ ಜಗಳವಿಲ್ಲದೆ. ಕೆರೆ ಕಡೆಯದು ಪ್ರಭುಸ್ವಾಮಿಗೆ, ಆಚೆ ದಿಬ್ಬದ ಹೊಲ ಮತ್ತು ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಪುಟ್ಟಮಲ್ಲಮ್ಮನಿಗೆ. ದಿಬ್ಬಕ್ಕೆ ಹೋಗಬೇಕಾದರೆ ಮೈದುನನ ಹೊಲದ ಅಂಚಿನಲ್ಲಿ ಒಂದು ಗಾಡಿ ದಾರಿ. ಮಾವನ ಕಾಲದಿಂದಲೂ ಇದ್ದದ್ದು. ಭಾಗದ ದಿನ ಅದರ ಮಾತನ್ನು ಯಾರೂ ಎತ್ತಲಿಲ್ಲ, ಎತ್ತಬೇಕೆಂದು ಯಾರಿಗೂ ತೋಚಲೂ ಇಲ್ಲ.

ಎಲ್ಲ ಕೆಟ್ಟದ್ದು ಹಾಲಿನ ಡೈರಿ ಎಲೆಕ್ಷನ್ನಿನಲ್ಲಿ. ಪ್ರಭುಸ್ವಾಮಿ ನಿಂತ. ಮನೆ ಮನೆಗೆ ಹೋಗಿ, “ನನ್ನ ಗೆಲ್ಲಿಸಿ, ದಿನಾ ಬೆಳಗಾಗ ಐದೂವರೆಗೆಲ್ಲ ನಾನೇ ನಿಂತು ಹಾಲು ಅಳೆಸ್ತೀನಿ” ಎಂದು ಮಾತು ಕೊಟ್ಟ. ಆ ಮಾತು ಕಿವಿಗೆ ಬಿದ್ದಾಗ ಪುಟ್ಟಮಲ್ಲಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು.

“ಐದೂವರೆಗಾ? ಇವ್ನಾ?” ಎಂದು ಅವಳು ಕೇಳಿದ್ದು ಮೂರು ಬೀದಿಗೆ ಕೇಳಿಸಿತು. “ಏಳು ಗಂಟೆಗೆ ಮುಂಚೆ ಇವ್ನು ಕಣ್ಣು ಬಿಟ್ಟಿದ್ದ ನಾನು ಇವತ್ತಿನವರ್ಗೂ ಕಂಡಿಲ್ಲ ಕಣ್ರಪ್ಪ. ಹುಟ್ಟಿದ್ದೇ ಹತ್ತು ಗಂಟೆ ಮೇಲಂತೆ!”

ಅವಳು ತಮಾಷೆಗೆ ಅಂದದ್ದು. ಆದರೆ ಊರು ಅದನ್ನು ಹಿಡಿದುಕೊಂಡಿತು. ಎದುರಾಳಿ ಚೆಲುವರಾಜುವಿನ ಕಡೆಯವರು ಪ್ರಭುಸ್ವಾಮಿ ಕಂಡಲ್ಲೆಲ್ಲ ‘ಗುಡ್ ಮಾರ್ನಿಂಗ್’ ಎನ್ನತೊಡಗಿದರು, ಸಂಜೆ ಕಂಡರೂ ಗುಡ್ ಮಾರ್ನಿಂಗೇ. ಅವನು ಸೋತ. ಸೋತ ವಾರದಲ್ಲೇ ದಾರಿಗೆ ಅಡ್ಡಲಾಗಿ ಮುಳ್ಳುತಂತಿ ಬಿತ್ತು.

ಊರಿನ ಹಿರಿಯರು ಹೇಳಿದರು, ಅವನು ಕೇಳಲಿಲ್ಲ. ಪುಟ್ಟಮಲ್ಲಮ್ಮ ಬಸ್ಸು ಹತ್ತಿ ಪಿರಿಯಾಪಟ್ಟಣಕ್ಕೆ ಹೋಗಿ ಯತೀಶ್ ಎಂಬ ಹೊಸ ವಕೀಲನನ್ನು ಹಿಡಿದಳು. ಕೇಸು ಮುಗಿಯುವ ತನಕ ದಾರಿಗೆ ಯಾರೂ ಅಡ್ಡಿ ಮಾಡಕೂಡದೆಂದು ಕೋರ್ಟು ತಡೆಯಾಜ್ಞೆ ಕೊಟ್ಟಿತು. ಅಷ್ಟಕ್ಕೆ ಸುಮ್ಮನಿದ್ದಿದ್ದರೆ ಆಗಿತ್ತೋ ಏನೋ. ಅವಳು ಬಸ್ಸಿನಿಂದ ಇಳಿದವಳೇ ಆಜ್ಞೆಯನ್ನು ಊರ ಬಾಗಿಲಿಂದ ಮನೆಯವರೆಗೂ ಸಾರಿಕೊಂಡು ಬಂದಳು. ಪ್ರಭುಸ್ವಾಮಿ ಅವತ್ತು ತಂತಿ ಬಿಚ್ಚಿದ. ಎಂಟು ದಿನಕ್ಕೆ ಜೆಸಿಬಿ ತಂದು, ದಾರಿಯ ನಡುಮಧ್ಯೆ ಆಳವಾಗಿ ಕಂದಕ ಹೊಡೆಸಿದ.

“ಇದು ಕೋರ್ಟ್ ಆಜ್ಞೆ ಉಲ್ಲಂಘನೆ” ಎಂದ ಯತೀಶ್. “ದಾರಿ ಕೇಸು ಒಂದು ಕಡೆ ಇರಲಿ ಅಮ್ಮ, ಇದಕ್ಕೇ ಬೇರೆ ಅರ್ಜಿ ಹಾಕ್ತೀನಿ. ರುಜುವಾತಾದ್ರೆ ಸಿವಿಲ್ ಜೈಲಿಗೆ ಕಳಿಸಬಹುದು.”

“ಜೈಲು?”

“ಹೂಂ. ಮೂರು ತಿಂಗಳ ತನಕ ಅವಕಾಶ ಐತೆ.”

ಆ ಮಾತು ಪುಟ್ಟಮಲ್ಲಮ್ಮನಿಗೆ ಬೆಲ್ಲದ ಹಾಗೆ ರುಚಿಸಿತು. ಹೊಗೆಸೊಪ್ಪು ಮುರಿಯುವ ಕಾಲ. ಹಸಿ ಎಲೆಯ ಹೊರೆಗಳನ್ನು ಆಳುಗಳು ಕೆರೆ ಏರಿ ಸುತ್ತಿ ತಲೆಯ ಮೇಲೆ ಹೊತ್ತು ಬ್ಯಾರನ್ನಿಗೆ ತರುತ್ತಿದ್ದರು. ಪ್ರತಿ ಹೊರೆ ಇಳಿಸುವಾಗಲೂ ಅವಳು, “ತಡೀರಿ, ಅವನಿಗೆ ಜೈಲು ಮುದ್ದೆ ಉಣ್ಣಿಸ್ತೀನಿ” ಎನ್ನುವಳು. ಮಗಳನ್ನು ಹುಣಸೂರಿಗೆ ಕೊಟ್ಟಿದ್ದಳು. ಆ ಮಗಳು ಫೋನ್ ಮಾಡಿ, “ಬೇಡ ಕಣವ್ವ, ಚಿಕ್ಕಪ್ಪ ಅಲ್ವಾ” ಎಂದರೆ, “ಚಿಕ್ಕಪ್ಪ ನಿಂಗೆ, ನಂಗೆ ಎದುರ್‌ಪಾರ್ಟಿ” ಎಂದು ಪುಟ್ಟಮಲ್ಲಮ್ಮ ಫೋನ್ ಇಟ್ಟುಬಿಡುವಳು.

ಎರಡು ವರ್ಷ ವಾಯಿದೆಯ ಮೇಲೆ ವಾಯಿದೆ ಬಿದ್ದು ಅರ್ಜಿ ಕೊನೆಗೂ ವಿಚಾರಣೆಗೆ ಬಂದಿತು. ಜಡ್ಜು ಹೊಸದಾಗಿ ಬಂದಿದ್ದ ಹೆಂಗಸು, ಕನ್ನಡಕ, ಮೆತ್ತಗಿನ ದನಿ. ಪುಟ್ಟಮಲ್ಲಮ್ಮನಿಗೆ ಮೊದಲ ದಿನವೇ ಅನುಮಾನ ಬಂತು: ಇಷ್ಟು ಸಣ್ಣ ದನಿಯಲ್ಲಿ ಈಯಮ್ಮ ಯಾರನ್ನು ಹೆದರಿಸಿಯಾಳು? ಸಾಕ್ಷಿ ಕಟ್ಟೆಯಲ್ಲಿ ಪ್ರಭುಸ್ವಾಮಿ ಎದೆ ಸೆಟೆಸಿ ಹೇಳಿದ, “ಅದು ದಾರಿಗೆ ಅಡ್ಡ ಹೊಡೆದಿದ್ದಲ್ಲ ಸ್ವಾಮಿ. ಆನೆ ಕಂದಕ. ಕಾಡಿನ ಕಡೆಯಿಂದ ಆನೆ ಬತ್ತವೆ.”

“ಎಷ್ಟು ಉದ್ದ ಹೊಡೆಸಿದ್ದೀರಿ?” ಎಂದು ಜಡ್ಜು ಕೇಳಿದರು.

“ದಾರಿ ಅಗಲಕ್ಕೆ, ಸ್ವಾಮಿ.”

“ಅಂದರೆ ಆನೆ ಬಂದರೆ ಗಾಡಿ ದಾರಿಯಲ್ಲೇ ಬರಬೇಕು. ಪಕ್ಕದ ಹೊಲದಲ್ಲಿ ಕಾಲಿಡೋಲ್ಲ?”

ಪ್ರಭುಸ್ವಾಮಿ ಉತ್ತರಕ್ಕಾಗಿ ಮೇಲೆ ತಿರುಗುತ್ತಿದ್ದ ಫ್ಯಾನು ನೋಡಿದ. ಪುಟ್ಟಮಲ್ಲಮ್ಮನಿಗೆ ಆ ಕ್ಷಣದಿಂದ ಜಡ್ಜಮ್ಮನ ಮೇಲೆ ಭಕ್ತಿ ಬಂತು.

ಆದೇಶದ ದಿನ ಶ್ರಾವಣದ ತುಂತುರು. ಅವಳು ಮದುವೆ ಮನೆಗೆ ಹೊರಟವಳ ಹಾಗೆ ಮಡಿಸಿಟ್ಟ ಮೈಸೂರು ಸಿಲ್ಕು ಉಟ್ಟು, ಹಣೆಗೆ ವಿಭೂತಿ ಇಟ್ಟು, ಮುಂದಿನ ಸಾಲಿನಲ್ಲೇ ಕೂತಳು. ಆಚೆ ಬದಿಯಲ್ಲಿ ಪ್ರಭುಸ್ವಾಮಿ ಬಿಳಿ ಶರ್ಟು ತೊಟ್ಟು ನಿಂತಿದ್ದ. ಹಿಂದೆ ಶಾಂಭವಿ, ಕಾಲ ಬಳಿ ಊಟದ ಕ್ಯಾರಿಯರು.

ಕೇಸಿನ ಹೆಸರು ಕರೆದರು. ಜಡ್ಜು ಓದಿದರು. ಆಜ್ಞೆ ಇದ್ದದ್ದು ಗೊತ್ತಿದ್ದೂ ಎದುರುದಾರ ಕಂದಕ ಹೊಡೆಸಿದ್ದು ರುಜುವಾತಾಗಿದೆ, ಆನೆಯ ಮಾತು ನಂಬುವಂತಿಲ್ಲ. ಪುಟ್ಟಮಲ್ಲಮ್ಮ ಸೆರಗು ಸರಿ ಮಾಡಿಕೊಂಡು ಸುತ್ತ ನೋಡಿದಳು. ಆಮೇಲೆ ಜಡ್ಜು ಕನ್ನಡಕ ತೆಗೆದು, ಪ್ರಭುಸ್ವಾಮಿಯ ವಕೀಲರಿಗೆ, “ಹತ್ತು ದಿನ ಸಿವಿಲ್ ಜೈಲು ಅಂತ ನನ್ನ ಯೋಚನೆ. ಶಿಕ್ಷೆ ಬಗ್ಗೆ ಹೇಳೋದಿದ್ದರೆ ಈಗ ಹೇಳಿ” ಎಂದರು.

ವಕೀಲರು ಗಂಟಲು ಸರಿ ಮಾಡಿಕೊಳ್ಳುವಷ್ಟರಲ್ಲಿ ಪ್ರಭುಸ್ವಾಮಿ ತಿರುಗಿ ನೋಡಿದ. ಹೆಂಡತಿಯ ಕಡೆಗಲ್ಲ, ಅತ್ತಿಗೆಯ ಕಡೆಗೆ. ಶಾಲೆಯಲ್ಲಿ ಮೇಷ್ಟ್ರು ಕೋಲು ಎತ್ತಿದಾಗ, ಡಾಕ್ಟರು ಸೂಜಿ ತೆಗೆದಾಗ ಹೇಗೆ ನೋಡುತ್ತಿದ್ದನೋ ಥೇಟ್ ಹಾಗೆ. ಅವನಿಗೇ ಗೊತ್ತಿಲ್ಲದೆ ನೋಡಿದ್ದು ಅದು. ಎದ್ದು ನಿಂತದ್ದು ಪುಟ್ಟಮಲ್ಲಮ್ಮನಿಗೆ ನೆನಪಿಲ್ಲ.

“ಹತ್ತು ದಿನಾನಾ!”

ಕೋರ್ಟಿನ ಕಿಟಕಿಯಲ್ಲಿ ಕೂತಿದ್ದ ಪಾರಿವಾಳಗಳು ಹಾರಿಹೋದವು. ಹೊರಗೆ ವರಾಂಡದಲ್ಲಿ ನೋಟರಿಯ ಮುಂದೆ ನಿಂತಿದ್ದವರೂ ಬಾಗಿಲಿಗೆ ಬಂದು ಇಣುಕಿದರು.

“ಕೂತ್ಕೊಳ್ಳಿ ಅಮ್ಮ” ಎಂದರು ಜಡ್ಜು.

“ಕೂರಾದೆಂಗೆ ಕಣವ್ವ? ನಾ ಏನೋ ಕರ್ದು ನಾಕು ಮಾತು ಬೈತೀರಿ ಅನ್ಕಂಡಿದ್ದೆ. ಒಳ್ಗಾಕ್ಬುಡಾದಾ? ಅವ್ನಿಗೆ ಬಿಸಿನೀರಿಲ್ದಿದ್ರೆ ಶೀತ ಆಯ್ತದೆ!”

ಕೋರ್ಟೆಲ್ಲ ಗೊಳ್ಳೆಂದಿತು. ಯತೀಶ್ ಅವಳ ಸೆರಗಿನ ತುದಿ ಹಿಡಿದು ಎಳೆಯುತ್ತ, “ಅಮ್ಮ, ನಾವು ಗೆದ್ದಿದ್ದೀವಿ, ಸುಮ್ನಿರಿ” ಎಂದು ಪಿಸುಗುಟ್ಟಿದ.

“ನೀ ಸುಮ್ಕಿರಪ್ಪ, ನಿಂಗೇನು ಗೊತ್ತು.”

“ಇನ್ನೊಂದು ಮಾತಾಡಿದರೆ ಕ್ರಮ ತಗೋಬೇಕಾಗುತ್ತೆ” ಎಂದರು ಜಡ್ಜು. ದನಿ ಆಗಲೂ ಏರಲಿಲ್ಲ.

“ತಗಳಿ! ಆದ್ರೆ ನೀವು ಮಾಡ್ತಿರಾದು ತಪ್ಪು!”

ಈ ಸಲ ಯಾರೂ ನಗಲಿಲ್ಲ. ಜಡ್ಜು ಬೆರಳಚ್ಚುಗಾರನ ಕಡೆ ತಿರುಗಿ ನಿಧಾನವಾಗಿ ಬರೆಸಿದರು: ಎರಡು ಸಲ ಎಚ್ಚರಿಸಿದರೂ ಅರ್ಜಿದಾರಳು ಕಲಾಪಕ್ಕೆ ಅಡ್ಡಿ ಮಾಡಿದ್ದಾಳೆ, ಕೋರ್ಟ್ ಏಳುವ ತನಕ, ಅಂದರೆ ಸಂಜೆ ಕಲಾಪ ಮುಗಿಯುವವರೆಗೆ, ಕಸ್ಟಡಿಯಲ್ಲಿ ಕೂರಲಿ, ಏಳುವ ಮುಂಚೆ ಅವಳ ವಿವರಣೆ ಕೇಳಲಾಗುವುದು. ಪ್ರಭುಸ್ವಾಮಿಯ ಶಿಕ್ಷೆಯ ಆದೇಶವೂ ಸಂಜೆಗೆ. ಅಲ್ಲಿಯವರೆಗೆ ಅವನೂ ಕೋರ್ಟು ಬಿಟ್ಟು ಹೋಗಕೂಡದು.

ಮಹಿಳಾ ಕಾನ್‌ಸ್ಟೇಬಲ್ ಅನುಶ್ರೀ ಬಂದು ಪುಟ್ಟಮಲ್ಲಮ್ಮನನ್ನು ಹಿಂದಿನ ಗೋಡೆಗೆ ಒತ್ತಿಸಿದ ಬೆಂಚಿನ ಮೇಲೆ ಕೂರಿಸಿದಳು. ಅದೊಂದೇ ಬೆಂಚು ಖಾಲಿ ಇದ್ದದ್ದು. ಪ್ರಭುಸ್ವಾಮಿಯೂ ಅದರ ಮೇಲೇ ಕೂತ, ಆ ತುದಿಗೆ.

ಮೂರು ವರ್ಷದಿಂದ ಮಾತಿಲ್ಲದ ಇಬ್ಬರು. ಅವಳು ಗೋಡೆಯ ಗಡಿಯಾರ ನೋಡಿದಳು, ಅವನು ತನ್ನ ಚಪ್ಪಲಿ ನೋಡಿದ. ಮಾತಾಡಬಾರದು ಎಂದಾಕ್ಷಣ ಜಗತ್ತಿನಲ್ಲಿರುವ ಮಾತೆಲ್ಲ ಅವಳ ಬಾಯಿಗೇ ಬರತೊಡಗಿತು. ಪಕ್ಕದಲ್ಲಿ ಹೋದವನ ಕೊಡೆಯಿಂದ ಕಡತದ ಮೇಲೆ ನೀರು ತೊಟ್ಟಿಕ್ಕುತ್ತಿತ್ತು, ಹೇಳುವ ಹಾಗಿಲ್ಲ. ಒಬ್ಬ ವಕೀಲರ ಕೋಟು ತಿರುವುಮುರುವಾಗಿತ್ತು, ಹೇಳುವ ಹಾಗಿಲ್ಲ. ಅವಳು ಸೆರಗಿನ ಚುಂಗನ್ನು ಬಾಯಿಗೆ ತುರುಕಿಕೊಂಡು ಕೂತಳು. ಅನುಶ್ರೀ ನಗು ತಡೆಯಲಾರದೆ ಕಿಟಕಿಯ ಕಡೆ ತಿರುಗಿಕೊಂಡಳು.

ಕೇಸುಗಳು ಒಂದಾದ ಮೇಲೊಂದು ಬಂದವು. ಬೇಲಿ ಜಗಳ, ಚೆಕ್ಕು, ಗಂಡ ಹೆಂಡಿರು. ಒಂದು ಹೊಡೆದಾಟದ ಕೇಸಿನಲ್ಲಿ ಚಾಮಯ್ಯ ಎಂಬ ಮುದುಕ ಸಾಕ್ಷಿ ಹೇಳಲು ಕಟ್ಟೆ ಹತ್ತಿದ.

“ಗಲಾಟೆ ನೀವು ಕಣ್ಣಾರೆ ನೋಡಿದಿರಾ?” ವಕೀಲರು ಕೇಳಿದರು.

“ನೋಡ್ದೆ ಸ್ವಾಮಿ.”

“ಎಲ್ಲಿ ನಿಂತಿದ್ದಿರಿ?”

“ನಿಂತಿರ್ಲಿಲ್ಲ, ಮನೇಲಿ ಮನಗಿದ್ದೆ.”

“ಮಲಗಿದ್ದವರು ಹೇಗೆ ನೋಡಿದಿರಿ?”

“ನಮ್ಮ ಹೆಂಗ್ಸು ನೋಡ್ಕಂಡು ಬಂದು ಹೇಳಿದ್ಲು. ನಲವತ್ತು ವರ್ಷ ಆಯ್ತು, ಅವ್ಳು ನೋಡಿದ್ದೆಲ್ಲ ನಾ ನೋಡ್ದಂಗೇಯ.”

ಪುಟ್ಟಮಲ್ಲಮ್ಮನ ಭುಜ ಕುಣಿಯತೊಡಗಿತು. ನಗು ಹೊರಬಿದ್ದರೆ ಇನ್ನೊಂದು ಕೇಸು. ಅವಳು ಬಗ್ಗಿ ಮೊಣಕಾಲಿಗೆ ಮುಖ ಒತ್ತಿಕೊಂಡಳು. ಪಕ್ಕಕ್ಕೆ ನೋಡಿದರೆ ಪ್ರಭುಸ್ವಾಮಿ ಟವೆಲ್ಲನ್ನು ಬಾಯಿಗೆ ಅಡ್ಡ ಹಿಡಿದುಕೊಂಡಿದ್ದಾನೆ, ಕಣ್ಣಲ್ಲಿ ನೀರು. ಇಬ್ಬರ ಕಣ್ಣೂ ಸೇರಿತು. ಸೇರಿದ ಮೇಲೆ ತಡೆಯುವುದು ಇನ್ನೂ ಕಷ್ಟವಾಯಿತು. ಬೆಂಚು ಅಲುಗಾಡುತ್ತಿತ್ತು. ಜಡ್ಜು ತಲೆ ಎತ್ತಿ ನೋಡಿ ಮತ್ತೆ ಬಗ್ಗಿಸಿದರು.

ಊಟದ ಬಿಡುವಿನಲ್ಲಿ ಅನುಶ್ರೀ ಇಬ್ಬರನ್ನೂ ವರಾಂಡಕ್ಕೆ ಕರೆತಂದಳು. ಶಾಂಭವಿ ಕ್ಯಾರಿಯರ್ ಬಿಚ್ಚಿ, ಗಂಡನಿಗೆ ಬಡಿಸುವ ಮುಂಚೆ ಓರಗಿತ್ತಿಗೆ ಬಡಿಸಿದಳು. ಮುದ್ದೆ, ಉಪ್ಪುಸಾರು.

“ಜೈಲಿಗೇ ಹೋಯ್ತಾರೆ, ರಾತ್ರಿಗೂ ಇರ್ಲಿ ಅಂತ ಇಬ್ಬರಿಗಾಗಷ್ಟು ಹಾಕ್ಕೊಂಡು ಬಂದಿದ್ದೆ ಅಕ್ಕ” ಎಂದಳು ಅವಳು. “ಇಂಗೆ ಉಪಯೋಗಕ್ಕೆ ಬತ್ತದೆ ಅಂತ ಯಾರಿಗ್ಗೊತ್ತಿತ್ತು.”

ಪುಟ್ಟಮಲ್ಲಮ್ಮ ಮುದ್ದೆ ಮುರಿದಳು.

“ಅತ್ತಿಗೆ” ಎಂದ ಪ್ರಭುಸ್ವಾಮಿ ಕೊನೆಗೆ, ತಟ್ಟೆ ನೋಡುತ್ತಲೇ. “ನೀನ್ಯಾಕೆ ಬಾಯಾಕಕ್ಕೋದೆ? ಗೆದ್ದಿದ್ಯಲ್ಲ?”

“ನೀನ್ಯಾಕ್ಲಾ ತಿರುಗಿ ನೋಡ್ದೆ?”

ಅವನು ಇನ್ನೊಂದು ತುತ್ತು ನುಂಗಿ, “ಊರೆಲ್ಲಾ ನಗೋ ಅಂಗೆ ಮಾಡ್ಬುಟ್ಟೆ ಅವತ್ತು” ಎಂದ. “ಸಂತೇಗೋದ್ರೂ ಗುಡ್ ಮಾರ್ನಿಂಗು. ತಿಥಿ ಮನೇಲೂ ಗುಡ್ ಮಾರ್ನಿಂಗು. ಅದ್ಯಾವ ಕರ್ಮ.”

ಅವಳು ಕೈ ನಿಲ್ಲಿಸಿದಳು. ಮುಳ್ಳುತಂತಿಯ ಮೇಲೆ, ಕಂದಕದ ಮೇಲೆ ಅವಳು ಎಷ್ಟೋ ಯೋಚಿಸಿದ್ದಳು. ಆದರೆ ತಾನು ಜಗಲಿಯಿಂದ ಎಸೆದ ಆ ಒಂದು ಮಾತು ಇವನ ಬೆನ್ನಿಗೆ ಇಷ್ಟು ದಿನ ಅಂಟಿಕೊಂಡಿತ್ತೆಂದು ಅವಳಿಗೆ ಹೊಳೆದೇ ಇರಲಿಲ್ಲ.

“ಅಯ್ಯೋ ಕೂಸೇ” ಎಂದಳು, ಅವಳ ಮಟ್ಟಿಗೆ ಮೆಲ್ಲಗೆ. “ಅಷ್ಟು ಬೇಜಾರಾಗಿದ್ರೆ ಮನೆ ಮುಂದೆ ಬಂದು ನನ್ನನ್ನ ಬೈಯಾದಲ್ವಾ? ಜೆಸಿಬಿ ಯಾಕ್ ತಂದೆ?”

“ನಿನ್ನ ಬೈದು ಯಾರು ಗೆದ್ದವ್ರೆ?”

ಶಾಂಭವಿ ನಕ್ಕುಬಿಟ್ಟಳು. ಅನುಶ್ರೀಯೂ ನಕ್ಕಳು. ಪುಟ್ಟಮಲ್ಲಮ್ಮ ತನ್ನ ತಟ್ಟೆಯಲ್ಲಿದ್ದ ಮುದ್ದೆಯಲ್ಲಿ ಅರ್ಧ ಮುರಿದು ಮೈದುನನ ತಟ್ಟೆಗೆ ಹಾಕಿದಳು. ಅವನು ಅದನ್ನೂ ಸಾರಿಗೆ ಅದ್ದಿ ನುಂಗಿದ.

ಯತೀಶ್ ಆಗ ಬಂದು ಎರಡೂ ಕಡೆಯವರು ಒಟ್ಟಿಗೆ ಉಣ್ಣುವುದನ್ನು ಕಂಡು ಬಾಗಿಲಲ್ಲೇ ನಿಂತ. “ಅಮ್ಮ, ಸಂಜೆ ಕೇಳ್ತಾರೆ. ತಪ್ಪಾಯ್ತು ಅನ್ನಿ ಸಾಕು. ಅದರ ಮುಂದಕ್ಕೆ ಒಂದಕ್ಷರ ಬೇಡ. ನಿಮ್ಮ ಕಾಲು ಹಿಡೀತೀನಿ” ಎಂದ.

ಮಧ್ಯಾಹ್ನದ ಹೊತ್ತು ಉದ್ದವಾಗಿತ್ತು. ಪುಟ್ಟಮಲ್ಲಮ್ಮನಿಗೆ ಕುಳಿತಲ್ಲಿಂದ ಜಡ್ಜಮ್ಮನ ಮುಖ ಸರಿಯಾಗಿ ಕಾಣುತ್ತಿತ್ತು. ಒಬ್ಬರು ಅರಚುವರು, ಒಬ್ಬರು ಅಳುವರು, ಒಬ್ಬರು ಸುಳ್ಳನ್ನೇ ಹಾಡಿನ ಹಾಗೆ ಹೇಳುವರು. ಆ ಹೆಂಗಸು ಎಲ್ಲರ ಮಾತನ್ನೂ ಕೊನೆಯ ತನಕ ಕೇಳುತ್ತಿದ್ದರು. ಯಾರಾದರೂ ನಡುವೆ ಬಾಯಿ ಹಾಕಿದರೆ, ಆಡುತ್ತಿದ್ದವನು ತಬ್ಬಿಬ್ಬಾಗಿ ನಿಂತುಬಿಡುತ್ತಿದ್ದ. ಒಬ್ಬ ಬಡ ಹೆಂಗಸು ತನ್ನ ಕಷ್ಟ ಹೇಳುತ್ತಿದ್ದಾಗ ಹಿಂದಿನಿಂದ ಅವಳ ಗಂಡ ಕೂಗಿಕೊಂಡ; ಅವಳ ಮಾತು ಅಲ್ಲಿಗೇ ಕಡಿದುಹೋಯಿತು, ಮತ್ತೆ ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ಪುಟ್ಟಮಲ್ಲಮ್ಮನಿಗೆ ಅದು ಚುಚ್ಚಿತು. ಸುಮ್ಮನಿರಿ ಎನ್ನುವುದು ಜಡ್ಜಮ್ಮನ ಜಂಬಕ್ಕಲ್ಲ, ಇಂಥವರ ಮಾತು ಕೇಳಿಸಲಿ ಎನ್ನುವುದಕ್ಕೆ ಎಂದು ಅವಳಿಗೆ ಅನ್ನಿಸಿತು.

ಕೊನೆಯ ಕಡತ ಮುಗಿದ ಮೇಲೆ ಅವಳನ್ನು ಮುಂದಕ್ಕೆ ಕರೆದರು.

“ನಿಮ್ಮ ವಿವರಣೆ ಏನು?” ಜಡ್ಜು ಕೇಳಿದರು.

“ತಪ್ಪಾಯ್ತು” ಎಂದಳು. ಯತೀಶ್ ಉಸಿರು ಬಿಟ್ಟ. ಅಷ್ಟರಲ್ಲಿ ಅವಳು, “ಒಂದು ಮಾತು ಹೇಳ್ಲಾ ಅವ್ವ?” ಎಂದಳು. ಯತೀಶ್ ಕಣ್ಣು ಮುಚ್ಚಿಕೊಂಡ.

“ಹೇಳಿ. ಈಗ ನಿಮ್ಮ ಸರದಿ.”

“ಇಲ್ಲಿ ಕೂತು ನೋಡ್ದೆ. ಆಡೋರ ಬಾಯಿಗೆ ಇನ್ನೊಬ್ರು ಅಡ್ಡ ಬಂದ್ರೆ ಏನಾಯ್ತದೆ ಅಂತ ಕಂಡೆ. ನೀವು ತಪ್ಪು ಅಂದ್ನಲ್ಲ, ಅದು ನನ್ನ ತಪ್ಪು. ಮನಸ್ನಿಂದ ಹೇಳ್ತಿವ್ನಿ.”

“ಇನ್ನೊಮ್ಮೆ ಹೀಗೆ ಮಾಡ್ತೀರಾ?”

ಅವಳು ಯೋಚಿಸಿದಳು. “ಈ ಕೋರ್ಟಲ್ಲಿ ಮಾಡಾಕಿಲ್ಲ” ಎಂದಳು, ಪ್ರಾಮಾಣಿಕವಾಗಿ.

ಜಡ್ಜು ಕೈಯಿಂದ ಬಾಯಿ ಮುಚ್ಚಿಕೊಂಡು ಒಂದು ಸಲ ಕೆಮ್ಮಿದರು. ಆಮೇಲೆ ಕ್ಷಮೆ ಒಪ್ಪಿಕೊಂಡದ್ದಾಗಿಯೂ, ದಂಡವಿಲ್ಲದೆ ಬಿಡುಗಡೆ ಮಾಡಿದ್ದಾಗಿಯೂ ಬರೆಸಿದರು.

ಪ್ರಭುಸ್ವಾಮಿಯ ಸರದಿ ಬಂತು. ಕಂದಕ ಮುಚ್ಚಿಸುತ್ತೇನೆ, ತಪ್ಪಾಯಿತು ಎಂದು ಅವನ ವಕೀಲರು ಹೇಳಿದರು. ಅರ್ಜಿದಾರಳ ಅಭ್ಯಂತರವಿಲ್ಲ ಎಂದ ಯತೀಶ್.

“ಅಭ್ಯಂತರ ಇಲ್ಲದೇ ಇರಬಹುದು” ಎಂದರು ಜಡ್ಜು. “ಆದರೆ ಮುರಿದದ್ದು ಅತ್ತಿಗೆಯ ಮಾತನ್ನಲ್ಲ, ಕೋರ್ಟಿನ ಆಜ್ಞೆಯನ್ನ. ಅತ್ತಿಗೆ ಕ್ಷಮಿಸಿದ ಮಾತ್ರಕ್ಕೆ ಅದು ಮುಗಿಯೋದಿಲ್ಲ. ನಾಳೆ ನಿಮ್ಮ ಹಾಗೇ ಇನ್ನೊಬ್ಬ ಆನೆ ಕಥೆ ಹೇಳ್ತಾನೆ.”

ಪ್ರಭುಸ್ವಾಮಿ ಕೈಕಟ್ಟಿ ತಲೆ ಬಗ್ಗಿಸಿದ. ಆದೇಶ ಹೀಗಿತ್ತು: ಬೆಳಗಿನಿಂದ ಕೋರ್ಟಿನಲ್ಲಿ ಕೂತದ್ದೇ ಅವನ ಶಿಕ್ಷೆ. ಸೋಮವಾರದೊಳಗೆ ಕಂದಕ ಮುಚ್ಚಿ ದಾರಿ ಮೊದಲಿನಂತೆ ಆಗಬೇಕು, ಕೋರ್ಟು ನೇಮಿಸಿದ ಕಮಿಷನರ್ ಬಂದು ನೋಡಿ ವರದಿ ಕೊಡುತ್ತಾರೆ. ಆಗದಿದ್ದರೆ ಹತ್ತು ದಿನ ಸಿವಿಲ್ ಜೈಲು, ಮತ್ತೆ ಯಾವ ಮಾತೂ ಕೇಳುವುದಿಲ್ಲ.

ಜಡ್ಜು ಎದ್ದರು, ಎಲ್ಲರೂ ಎದ್ದರು. ಅಲ್ಲಿಗೆ ಇಬ್ಬರ ಶಿಕ್ಷೆಯೂ ಮುಗಿಯಿತು.

ಮೂವರೂ ಒಂದೇ ಬಸ್ಸಿನಲ್ಲಿ ಊರಿಗೆ ಬಂದರು. ಮರುದಿನವೇ ಜೆಸಿಬಿ ಬಂತು, ಕಂದಕ ಹೊಡೆದಿದ್ದ ಅದೇ ಜೆಸಿಬಿ. ಡ್ರೈವರಿಗೆ ಈ ಮನೆಯವರ ತಲೆ ಸರಿಯಿದೆಯೋ ಇಲ್ಲವೋ ಎಂಬ ಚಿಂತೆ. ಮಣ್ಣು ಮುಚ್ಚಿದ ಮೇಲೆ ಅದು ಮಳೆಗೆ ಕುಸಿಯಬಾರದೆಂದು ಪ್ರಭುಸ್ವಾಮಿ ಎರಡು ಟ್ರ್ಯಾಕ್ಟರ್ ಗ್ರಾವೆಲ್ ಹಾಕಿಸಿದ. ಹಾಗಾಗಿ ದಾರಿ ಮೊದಲಿಗಿಂತ ಚೆನ್ನಾಯಿತು. ಕಮಿಷನರ್ ಆಗಿ ಬಂದ ವಕೀಲರು ತಮ್ಮ ಕಾರನ್ನು ಬ್ಯಾರನ್ನಿನ ಬಾಗಿಲ ತನಕ ತಂದು ನಿಲ್ಲಿಸಿ, ಕಾಫಿ ಕುಡಿದು, ದಾರಿ ಸರಿಯಿದೆ ಎಂದು ವರದಿ ಕೊಟ್ಟರು. ಮೂಲ ಕೇಸನ್ನು ಮುಂದಿನ ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಕೊಂಡರು. ದಾರಿ ಇಬ್ಬರಿಗೂ ಸೇರಿದ್ದೆಂದು ಈ ಸಲ ಸ್ಪಷ್ಟವಾಗಿ ಬರೆಸಿದರು.

ಗುಡ್ ಮಾರ್ನಿಂಗ್ ನಿಲ್ಲಿಸುವುದಕ್ಕೆ ಪುಟ್ಟಮಲ್ಲಮ್ಮ ತಾನೇ ಡೈರಿ ಮುಂದೆ ಹೋಗಿ ನಿಂತಳು. “ಇನ್ಮೇಲೆ ಯಾರಾರ ನಮ್ಮುಡುಗನ್ನ ಆಡ್ಕಂಡ್ರೆ ಅವರ ಮನೆ ಪುರಾಣವೆಲ್ಲ ನಂಗೂ ಗೊತ್ತು” ಎಂದಳು ಅಷ್ಟೇ. ಚೆಲುವರಾಜುವೇ ಮೊದಲು ಕೈಮುಗಿದ.

ಕೋರ್ಟಿನಲ್ಲಿ ಕೂತು ಬಂದವಳೆಂದು ಅವಳಿಗೆ ಈಗ ಊರಿನಲ್ಲಿ ಬೇರೆಯೇ ಮರ್ಯಾದೆ. ಕೇಸು ಹಾಕಬೇಕೆನ್ನುವವರು ವಕೀಲರಿಗಿಂತ ಮುಂಚೆ ಅವಳ ಜಗಲಿಗೆ ಬರುತ್ತಾರೆ. ಮೊನ್ನೆ ಹುಚ್ಚಯ್ಯ ಬಂದಿದ್ದ, ಹುಣಸೆಮರದ ವಿಷಯಕ್ಕೆ ತಮ್ಮನ ಮೇಲೆ ದಾವೆ ಹೂಡುತ್ತಾನಂತೆ.

“ಹಾಕು, ಬ್ಯಾಡ ಅನ್ನಾಕಿಲ್ಲ” ಎಂದಳು ಅವಳು ಕಾಫಿ ಕೊಟ್ಟು. “ಆದ್ರೆ ಮೊದ್ಲು ನಿನ್ನ ತಮ್ಮನ್ನೂ ಕರ್ಕಂಡು ಒಂದು ದಿನ ಆ ಹಿಂದಿನ ಬೆಂಚ್ ಮೇಲೆ ಸುಮ್ಕೆ ಕೂತಿದ್ದು ಬಾ. ಬೆಳಗಿಂದ ಸಂದೆಗಂಟ.”

ಅಣ್ಣ ತಮ್ಮ ಇಬ್ಬರೂ ಹೋಗಿ ಕೂತು ಬಂದರು. ಬಂದು ಕೇಸೂ ಹಾಕಿದರು. ಆದರೆ ವಾಯಿದೆ ಇದ್ದ ದಿನ ಇಬ್ಬರೂ ಒಂದೇ ಬೈಕಿನಲ್ಲಿ ಹೋಗುತ್ತಾರೆ, ಕೋರ್ಟಿನ ಎದುರು ಒಂದೇ ಹೋಟೆಲಿನಲ್ಲಿ ದೋಸೆ ತಿಂದು, ಒಂದೇ ಬೈಕಿನಲ್ಲಿ ವಾಪಸು ಬರುತ್ತಾರೆ.